ಕಲ್ಲು ನುಣ್ಣಗಿದೆ, ಎಲ್‌ವೈ ಯಾಕೆ?

ಕ್ರಿಯಾಪದ ಕಂಡಲ್ಲೆಲ್ಲ ‘ಎಲ್‌ವೈ’ ಹಚ್ಚು! ಸೇಡಂ, ಚಿಂಚೋಳಿ ಕಡೆ ನಾವು ಉರು ಹೊಡೆದ ಈ ಸೂತ್ರವನ್ನು ಮೊದಲು ಮಣ್ಣು ಮಾಡಬೇಕು. ‘ಶಹಾಬಾದ್ ಕಲ್ಲು ನುಣ್ಣಗಿದೆ’ ಅನ್ನುತ್ತೇವೆ. ‘ನುಣ್ಣಗೆ’ ಇರುವುದಕ್ಕೂ ಸೈ, ಅರೆಯುವುದಕ್ಕೂ ಸೈ. ಹಾಗಾಗಿ ವಾಡಿಯ ಹುಡುಗಿ ‘ದ ಸ್ಟೋನ್ ಫೀಲ್ಸ್ ಸ್ಮೂತ್‌ಲಿ’ ಎಂದು ಬರೆದರೆ ಅದು ದಡ್ಡತನವಲ್ಲ, ಕನ್ನಡದ ತರ್ಕ. ಅದಕ್ಕೆ ಸೂತ್ರದ ಕುಮ್ಮಕ್ಕು ಬೇರೆ. ಇಂಗ್ಲಿಷಿನಲ್ಲಿ ಅಲ್ಲಿ ಹೇಳುತ್ತಿರುವುದು ಕಲ್ಲಿನ ಗುಣವನ್ನು, ಕ್ರಿಯೆಯ ರೀತಿಯನ್ನಲ್ಲ, ಆದ್ದರಿಂದ ‘ಸ್ಮೂತ್’. ನಮ್ಮ ‘ಛಲೋ’ ನೋಡಿ: ‘ಛಲೋ ಹುಡುಗಿ’, ‘ಛಲೋ ಓದತಾಳ’. ಗುಡ್, ವೆಲ್ ಎಂಬ ಜಗಳವೇ ಇಲ್ಲ. ಚಿತ್ತಾಪುರದ ತರಗತಿಯಲ್ಲಿ ಈ ವ್ಯತ್ಯಾಸ ಹೇಳದೆ ಕೆಂಪು ಶಾಯಿ ಸುರಿದರೆ ಅದು ಯಾವ ಬೋಧನೆ? ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಬಟ್ಟರು 2000ದಲ್ಲೇ ಪುಸ್ತಕ ಬರೆದರು. ಇಂಗ್ಲಿಷ್ ಕಲಿಸುವವರೇ ಅದನ್ನು ಮೊದಲು ಓದಬೇಕಿತ್ತು ಎಂಬುದು ಸಂಶೋಧನಾ ವಿದ್ಯಾರ್ಥಿಯಾದ ನನ್ನ ತಕರಾರು.