ಕರಗುವ ದಿಬ್ಬದ ಮೇಲಿನ ಊರು

ಐತಿಹಾಸಿಕ ಗ್ರಾಮವೊಂದನ್ನು ಸಂರಕ್ಷಿಸುವುದೆಂದರೆ ಅದರ ಕಟ್ಟಡಗಳನ್ನು ಉಳಿಸುವುದೋ ಅಥವಾ ಆ ಕಟ್ಟಡಗಳಿಗೆ ಕಾರಣವಾದ ಬದುಕನ್ನು ಉಳಿಸುವುದೋ ಎಂಬ ಪ್ರಶ್ನೆಗೆ ‘ಎರಡನ್ನೂ’ ಎಂಬ ಸುಲಭದ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ಆದರೆ ಇಟಲಿಯ ಲಾಜಿಯೊ ಪ್ರಾಂತ್ಯದಲ್ಲಿ, ಕಡಿದಾದ ದಿಬ್ಬದ ನೆತ್ತಿಯ ಮೇಲಿರುವ ಚಿವಿತಾ ದಿ ಬಾನ್ಯೊರೇಜೊ ಎಂಬ ಪುಟ್ಟ ಊರನ್ನು ಗಮನಿಸಿದರೆ, ಈ ಎರಡು ಗುರಿಗಳು ಅಷ್ಟು ಸಲೀಸಾಗಿ ಹೊಂದಿಕೊಳ್ಳುವುದಿಲ್ಲವೆಂಬುದು ತಿಳಿಯುತ್ತದೆ.

ರೋಮನ್ನರಿಗಿಂತ ಮೊದಲು ಮಧ್ಯ ಇಟಲಿಯಲ್ಲಿ ಪ್ರಬಲರಾಗಿದ್ದ ಎತ್ರುಸ್ಕನ್ನರು ಸುಮಾರು 2,500 ವರ್ಷಗಳ ಹಿಂದೆ ಇಲ್ಲಿ ನೆಲೆಯೂರಿದರು. ದಿಬ್ಬದ ಮೇಲ್ಪದರ ತೂಫಾ, ಅಂದರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದು ಶಿಲೆ, ಅದರಡಿಯದು ಜೇಡಿಮಣ್ಣು. ತೂಫಾವನ್ನು ಕೊರೆದರೆ ನೆಲಮಾಳಿಗೆ ಸಿಗುತ್ತಿತ್ತು, ಕತ್ತರಿಸಿ ತೆಗೆದ ಕಲ್ಲು ಗೋಡೆಗೆ ಒದಗುತ್ತಿತ್ತು. ಹೀಗೆ ಇಲ್ಲಿನ ಮನೆಗಳು ಬೆಟ್ಟದ ಮೇಲೆ ಕಟ್ಟಿದವು ಎನ್ನುವುದಕ್ಕಿಂತ ಬೆಟ್ಟದಿಂದಲೇ ತೆಗೆದವು ಎನ್ನುವುದು ಹೆಚ್ಚು ಸರಿ. ಮಳೆನೀರು ಮತ್ತು ಬುಡದ ತೊರೆಗಳು ಜೇಡಿಮಣ್ಣನ್ನು ಕೊರೆದಂತೆ ಮೇಲಿನ ಶಿಲೆ ಅಂಚಿನಿಂದ ಕಳಚಿ ಬೀಳುತ್ತದೆ. ಅದರೊಂದಿಗೆ ಮನೆಗಳೂ ಬೀಳುತ್ತವೆ.

1695ರ ಭೂಕಂಪದ ನಂತರ ಬಿಷಪ್ಪರ ಪೀಠ ಪಕ್ಕದ ಬಾನ್ಯೊರೇಜೊಗೆ ಸ್ಥಳಾಂತರಗೊಂಡಿತು, ಅನುಕೂಲವಿದ್ದವರು ಅಲ್ಲಿಗೇ ಹೋಗಿ ನೆಲೆಸಿದರು. ಉಳಿದವರಲ್ಲಿ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವಷ್ಟು ಹಣವಿರಲಿಲ್ಲವಾದ್ದರಿಂದ ಮಧ್ಯಯುಗದ ಓಣಿಗಳು, ಹೊರಮೆಟ್ಟಿಲಿನ ಮನೆಗಳು, ಸಾನ್ ದೊನಾತೊ ಚರ್ಚಿನ ಮುಂದಿನ ಚೌಕ ಇವೆಲ್ಲ ಬಹುಮಟ್ಟಿಗೆ ಇದ್ದಂತೆಯೇ ಉಳಿದವು. ಇಂದು ಪ್ರವಾಸಿಗರು ಮೆಚ್ಚುವ ಆ ಪ್ರಾಚೀನತೆಯನ್ನು ಕಾಪಾಡಿದ್ದು ಪರಂಪರೆಯ ಅಭಿಮಾನವಲ್ಲ, ಬಡತನ. ಹೆಬ್ಬಾಗಿಲು ದಾಟಿದೊಡನೆ ಎದುರಾಗುವ ನವೋದಯ ಕಾಲದ ಅರಮನೆಯ ಮುಂಗೋಡೆ ಇದಕ್ಕೆ ಸಾಕ್ಷಿಯಂತಿದೆ: ಕಿಟಕಿಗಳು ಸಾಲಾಗಿವೆ, ಆದರೆ ಅವುಗಳ ಹಿಂದೆ ಕೋಣೆಗಳಿಲ್ಲ, ಹಿಂಭಾಗವೆಲ್ಲ ಕಣಿವೆಗೆ ಜಾರಿರುವುದರಿಂದ ಕಿಟಕಿಯೊಳಗೆ ಕಾಣುವುದು ಆಕಾಶ.

1965ರಲ್ಲಿ ಕಟ್ಟಿದ ಕಾಲುಸೇತುವೆಯೇ ಈಗ ಊರಿಗಿರುವ ದಾರಿ. 2013ರಲ್ಲಿ ಹೊರಗಿನವರಿಗೆ 1.5 ಯೂರೊ ಪ್ರವೇಶ ಶುಲ್ಕ ವಿಧಿಸಲಾಯಿತು, ಆಮೇಲೆ ಅದು ಏರಿತು. ಇದರಿಂದ ಊರು ಪ್ರದರ್ಶನದ ವಸ್ತುವಾಯಿತೆಂಬ ಆಕ್ಷೇಪದಲ್ಲಿ ಹುರುಳಿದೆ, ಏಕೆಂದರೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಬಂದುಹೋಗುವ ಇಲ್ಲಿ ಕಾಯಂ ನಿವಾಸಿಗಳು ಹತ್ತು ಹನ್ನೆರಡು ಮಂದಿ ಮಾತ್ರ. ಆದರೂ ಪ್ರವಾಸಿಗರು ಬಾರದೆ ಹೋಗಿದ್ದರೆ ಹಳೆಯ ಬದುಕು ಉಳಿಯುತ್ತಿತ್ತೆಂದು ವಾದಿಸುವಂತಿಲ್ಲ. ಅವರು ಗುಂಪುಗೂಡಿ ಬರುವ ಎಷ್ಟೋ ಮೊದಲೇ ಊರು ಬರಿದಾಗಿತ್ತು.

ಹಾಗಾದರೆ ಸಂರಕ್ಷಣೆಯ ಕರ್ತವ್ಯವೇನು? ಇಂಥ ಊರಿನಲ್ಲಿ ಗೋಡೆಗೆ ಗಾರೆ ಮೆತ್ತುವುದು ಕೊನೆಯ ಕೆಲಸ. ಬುಡದ ನೀರಿಗೆ ದಾರಿ ಮಾಡಿ, ಬಂಡೆಗೆ ಉಕ್ಕಿನ ಸರಳು ಹೂಡಿ ದಿಬ್ಬವನ್ನು ಹಿಡಿದು ನಿಲ್ಲಿಸುವುದು ಮೊದಲನೆಯದು. ವರ್ಷವಿಡೀ ವಾಸಿಸಬಯಸುವವರಿಗೆ ನೀರು, ಚಿಕಿತ್ಸೆ, ಸರಕು ಸಾಗಣೆಯಂಥ ಅನುಕೂಲ ಕಲ್ಪಿಸುವುದು ಎರಡನೆಯದು. ಸೋರುವ ಮಾಡು, ಬಿರುಕು ಬಿಟ್ಟ ಗೋಡೆ ಮೊದಲು ಕಣ್ಣಿಗೆ ಬೀಳುವುದು ಅಲ್ಲಿ ಮಲಗಿ ಏಳುವವನಿಗೇ ಹೊರತು ಮಧ್ಯಾಹ್ನಕ್ಕೆ ಬಂದು ಸಂಜೆಗೆ ಮರಳುವವನಿಗಲ್ಲ. ಆದ್ದರಿಂದ ನಿವಾಸಿಯನ್ನು ಉಳಿಸಿಕೊಳ್ಳುವುದು ಕಟ್ಟಡದ ದುರಸ್ತಿಗೆ ಸೇರಿಸಿದ ಔದಾರ್ಯವಲ್ಲ, ದುರಸ್ತಿಯದೇ ಒಂದು ಭಾಗ.