ಪಡಸಾಲ್ಯಾಗಿನ ಕಂಪ್ಯೂಟರಿಗೆ ಡೆಬಿಯನ್ ಸಾಕು

ನಮ್ಮ ಪಡಸಾಲ್ಯಾಗ ಟಿವಿ ಕೆಳಗ ಒಂದು ಹಳೇ ಕಂಪ್ಯೂಟರ್ ಕೂತದ. ಆರನೇ ಜನರೇಶನ್ ಐ5, ಹಗಲೂ ರಾತ್ರಿ ಚಾಲೂ ಇರ್ತದ. ಅತ್ತಿಯವರಿಗೆ ಅದು ಸಿನೆಮಾ ಡಬ್ಬಿ, ನಮ್ಮ ಮನಿಯವರಿಗೆ ಫೋಟೋದ ಕಪಾಟು, ನನಗ ಸರ್ವರ್. ಇದಕ್ಕ ಯಾವ ಆಪರೇಟಿಂಗ್ ಸಿಸ್ಟಮ್ ಹಾಕಬೇಕು ಅಂತ ಮನ್ಯಾಗ ಎರಡು ವಾರ ವಾದ ನಡೀತು. ಮಗ ವಿಂಡೋಸ್ ಅಂದ, ನಾನು ಡೆಬಿಯನ್ ಅಂದೆ. ನನ್ನ ಕಡೆ ಮಾತು ಹೇಳ್ತೀನಿ, ನೀವೂ ವಿಚಾರ ಮಾಡ್ರಿ.

ಮೊದಲು ಅದರಾಗ ಏನದ ಅಂತ ನೋಡಬೇಕು. 1994ರಾಗ ನಮ್ಮ ಮೈದುನನ ಮುಂಜವಿ ಆಗಿತ್ತು. ಆ ವಿಎಚ್‌ಎಸ್ ಟೇಪಿಗೆ ಈಗ ಬೂಸ್ಟು ಹಿಡದದ. ಅದು ಕೆಡೂಕಿಂತ ಮೊದಲ ಕಂಪ್ಯೂಟರಿಗೆ ಇಳಿಸಿದ ವಿಡಿಯೋದಾಗ ಮಾವನವರು ಪಂಕ್ತ್ಯಾಗ ಓಡಾಡ್ಕೋತ "ಹೋಳಿಗಿ ಯಾರಿಗೆ ಬಂದಿಲ್ರೀ?" ಅಂತ ಕೇಳೋ ನಾಲ್ಕು ನಿಮಿಷ ಅದ. ಅವರ ಧ್ವನಿ ಉಳದಿರೋದು ಅಷ್ಟ. ಅದರ ಜೋಡಿ ಕ್ಯಾಸೆಟ್‌ನಿಂದ ಇಳಿಸಿದ ಭೀಮಸೇನ ಜೋಶಿಯವರ ದಾಸವಾಣಿ, ರಾಜಕುಮಾರ್ ಸಿನೆಮಾ, ರಾಶಿ ಫೋಟೋ. ಸಿನೆಮಾ ಹೋದ್ರ ಮತ್ತ ಸಿಗ್ತದ, ಆ ನಾಲ್ಕು ನಿಮಿಷ ಸಿಗಂಗಿಲ್ಲ.

ವಿಂಡೋಸ್ 10ಕ್ಕ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು. ವಿಂಡೋಸ್ 11 ನಮ್ಮ ಆರನೇ ಜನರೇಶನ್‌ಗೆ ಅಧಿಕೃತವಾಗಿ ಸೈ ಅನ್ನಂಗಿಲ್ಲ. ಅಡ್ಡದಾರಿಲೆ ಹಾಕ್ತೀನಿ ಅಂದ ಮಗ. ಹಾಕಬಹುದು, ಆದ್ರ ಅಡ್ಡದಾರಿ ಮ್ಯಾಲೆ ಮಾವನವರ ಧ್ವನಿ ಇಡಲಿಕ್ಕೆ ನಾ ತಯಾರಿಲ್ಲ. ಮ್ಯಾಲೆ ಆ ಅಪ್‌ಡೇಟು! ಹೋಮ್ ಆವೃತ್ತ್ಯಾಗ ಅದನ್ನ ಮುಂದಕ್ಕ ಹಾಕಬಹುದು, ಪೂರ್ತಿ ಬ್ಯಾಡ ಅನ್ನಲಿಕ್ಕೆ ಬರಂಗಿಲ್ಲ. ಹಿಂದಕ ರಿಮೋಟಿಲೆ ನಡಿಯೋ ಮೀಡಿಯಾ ಸೆಂಟರ್ ಅಂತ ಒಂದು ಚೊಲೊ ಸೌಲಭ್ಯ ಇತ್ತು. ವಿಂಡೋಸ್ 10 ಬಂದಾಗ, 2015ರಾಗ, ಅದನ್ನೂ ತಗದ್ರು.

ಖರೇ ಹೇಳಬೇಕಂದ್ರ, ಬರೇ ಸಿನೆಮಾ ನೋಡೋದಿದ್ರ ಲಿಬ್ರೆಎಲೆಕ್ ಎಲ್ಲಕ್ಕಿಂತ ಛಲೋ. ಚಾಲೂ ಮಾಡಿದ್ರ ಸೀದಾ ಕೋಡಿ ಬರ್ತದ. ಆದ್ರ ಸರ್ವರಿಗೆ ಬೇಕಾದ ಪ್ಯಾಕೇಜು ನಮ್ಮ ಮನಸಿಗೆ ಬಂದಂಗ ಹಾಕಲಿಕ್ಕೆ ಅದು ಬಿಡಂಗಿಲ್ಲ. ಟ್ರೂನಾಸ್ ಇದರ ಉಲ್ಟಾ. ಫೈಲ್ ಕಾಯೋದ್ರಾಗ ಹುಲಿ, ಟಿವಿಗೆ ಚಿತ್ರ ಹಚ್ಚೋದು ಅದರ ಕೆಲಸ ಅಲ್ಲ.

ಎರಡೂ ಕೆಲಸ ಒಂದ ಡಬ್ಬಿ ಮಾಡಬೇಕಂದ್ರ ಡೆಬಿಯನ್. ಸುಮಾರು ಎರಡು ವರ್ಷಕ್ಕೊಂದು ಆವೃತ್ತಿ, ಒಂದೊಂದಕ್ಕೂ ಒಟ್ಟು ಐದು ವರ್ಷ ಸುರಕ್ಷತೆ ತಿದ್ದುಪಡಿ. 13ನೇದು 2025ರ ಆಗಸ್ಟ್‌ನಾಗ ಬಂತು. ಅದರಾಗಿನ ಪ್ರೋಗ್ರಾಮು ಹಳೇವು ಅಂತ ಹುಡುಗರು ನಗ್ತಾರ. ನಗಲಿ, ನಮ್ಮ ಒಗ್ಗರಣಿ ಡಬ್ಬಿನೂ ಹಳೇದ ಅದ. ಟಿವಿಗೆ ಕೋಡಿ, ಒಳಗಿನ ಖೋಲಿ ಫೋನಿಗೆ ಜೆಲ್ಲಿಫಿನ್, ಫೋಟೋಕ್ಕ ಸಾಂಬಾ, ಎಲ್ಲಾ ಪುಕ್ಕಟ. ಪ್ಲೆಕ್ಸ್‌ನಾಗಾದ್ರ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್‌ಗೆ ರೊಕ್ಕ ಬಿಚ್ಚಬೇಕು.

ನನ್ನ ಪರೀಕ್ಷಾ ಒಂದ: ನಾ ಮನ್ಯಾಗ ಇಲ್ಲದಾಗ ಕರೆಂಟ್ ಹೋಗಿ ಬಂದ್ರ, ಅತ್ತಿಯವರು ಕೀಬೋರ್ಡ್ ಮುಟ್ಟದ ಸಿನೆಮಾ ಹಚ್ಚಬೇಕು. ಬಯಾಸ್‌ನಾಗ ಕರೆಂಟ್ ಬಂದ ಕೂಡಲೆ ಏಳು ಅಂತ ಹೇಳಿಟ್ಟೇನಿ, ಪಾಸ್‌ವರ್ಡ್ ಕೇಳದ ಕೋಡಿ ತಾನ ತಗೀತದ. ಕಂಪ್ಯೂಟರಿನ ಎಚ್‌ಡಿಎಂಐಗೆ ಸಾಮಾನ್ಯವಾಗಿ ಟಿವಿ ರಿಮೋಟಿನ ಮಾತು ತಿಳಿಯಂಗಿಲ್ಲ, ಅದಕ್ಕ ಬ್ಯಾರೆ ಯುಎಸ್‌ಬಿ ರಿಮೋಟ್ ತಂದೇವಿ. "ಇಷ್ಟನ ಏನ್ವಾ?" ಅಂದ್ರು ಅತ್ತಿ. ಪಾಸು.

ಕೊರತಿ ಇಲ್ಲ ಅನ್ನಂಗಿಲ್ಲ. ಲಿನಕ್ಸ್ ಬ್ರೌಸರಿನಾಗ ನೆಟ್‌ಫ್ಲಿಕ್ಸ್ 4ಕೆ ಕೊಡಂಗಿಲ್ಲ. ಅದನ್ನ ಟಿವಿಯೊಳಗಿನ ಆ್ಯಪಿನಾಗ ನೋಡ್ತೇವಿ. ಕರೆಂಟಿನ ಲೆಕ್ಕನೂ ಅದ. 25 ವ್ಯಾಟ್ ಎಳದ್ರ ತಿಂಗಳಿಗೆ 18 ಯುನಿಟ್. ಆದ್ರ ಅದು ವಿಂಡೋಸ್ ಹಾಕಿದ್ರೂ ತಪ್ಪಂಗಿಲ್ಲ.

ಮಗ ಕಡೀಕ ಒಂದು ಮಾತು ಕೇಳಿದ, ಅದು ಮಾತ್ರ ತೂಕದ್ದು. "ಅಮ್ಮಾ, ಡೆಬಿಯನ್ನಿನ ಇಎಕ್ಸ್‌ಟಿ4 ಡಿಸ್ಕು ವಿಂಡೋಸಿಗೆ ಹಚ್ಚಿದ್ರ ಸೀದಾ ತಗಿಯಂಗಿಲ್ಲ. ನಿನಗ ಏನರ ಆದ್ರ ಇದನ್ನ ಯಾರು ತಗೀಬೇಕು?" ಅದಕ್ಕ ಒಳಗಿನ ಡಿಸ್ಕು ಇಎಕ್ಸ್‌ಟಿ4 ಇರಲಿ ಅಂತ ಬಿಟ್ಟು, ಬ್ಯಾಕಪ್ಪಿನ ಎರಡು ಯುಎಸ್‌ಬಿ ಡಿಸ್ಕಿಗೆ ಎಕ್ಸ್‌ಫ್ಯಾಟ್ ಹಾಕೇನಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದರಾಗ ಬೇಕಾದ್ರೂ ತಗೀತದ. ತಿಂಗಳಿಗೊಮ್ಮೆ ಒಂದಕ್ಕ ನಕಲು ಮಾಡಿ ಅತ್ತಿಯವರ ರೇಷ್ಮಿ ಸೀರಿ ನಡುವ ಇಡ್ತೀನಿ. ಇನ್ನೊಂದು ಪುಣೆದಾಗ ನಾದಿನಿ ಮನ್ಯಾಗ ಅದ, ದೀಪಾವಳಿಗೆ ಬಂದಾಗ ತರ್ತಾಳ, ಹೊಸದು ತುಂಬಿಕೊಂಡು ಒಯ್ತಾಳ.