ಸಂಕೋಚವು ರೋಗವನ್ನು ಬೆಳೆಸದಿರಲಿ

ಗುಹ್ಯಭಾಗದ ಕ್ಷೌರದ ನಂತರ ಏಳುವ ಗುಳ್ಳೆ, ಉರಿ, ತುರಿಕೆಗಳ ಬಗ್ಗೆ ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಡುವುದಿಲ್ಲ. ಸಂಕೋಚದಿಂದ ಮುಚ್ಚಿಟ್ಟ ಈ ಸಣ್ಣ ತೊಂದರೆಯೇ ಮುಂದೆ ದೊಡ್ಡದಾಗುತ್ತದೆ. ಆದ್ದರಿಂದ ಆರೋಗ್ಯದ ಈ ಪುಟದಲ್ಲಿ ಅದನ್ನು ನೇರವಾಗಿ ಹೇಳುವುದೇ ಲೇಸೆಂದು ನಾವು ಭಾವಿಸಿದ್ದೇವೆ.

ಆ ಭಾಗದ ರೋಮಗಳು ದಪ್ಪವಾಗಿಯೂ ಗುಂಗುರಾಗಿಯೂ ಇರುತ್ತವೆ. ಚರ್ಮದ ಮಟ್ಟಕ್ಕೆ ಬೋಳಿಸಿದಾಗ ಅವುಗಳ ತುದಿ ಚೂಪಾಗಿ, ಬೆಳೆಯುವಾಗ ಬಾಗಿ ಚರ್ಮದೊಳಕ್ಕೇ ಚುಚ್ಚಿಕೊಳ್ಳುತ್ತವೆ. ದೇಹವು ಅದನ್ನು ನೆಟ್ಟ ಮುಳ್ಳಿನಂತೆ ಎದುರಿಸುತ್ತದೆ. ಅದರಿಂದಲೇ ಕೆಂಪು ಗುಳ್ಳೆ ಏಳುತ್ತದೆ. ಕೆರೆದರೆ, ಹಿಸುಕಿದರೆ ರೋಗಾಣು ಸೇರಿ ಕೀವಾಗುತ್ತದೆ. ಇದು ಕೊಳಕಿನ ಗುರುತಲ್ಲ, ನಾಚಬೇಕಾದ ರೋಗವೂ ಅಲ್ಲ.

ರೋಮವನ್ನು ಬೋಳಿಸಿದರೆ ಮಾತ್ರ ಶುಚಿ ಎಂಬ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಹೆರಿಗೆಗೆ ಮುನ್ನ ವಾಡಿಕೆಯಾಗಿ ಬೋಳಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಸಲಹೆ ನೀಡಿದೆ. ನಿತ್ಯದ ಸ್ನಾನವೇ ಶುಚಿಗೆ ಸಾಕು. ಕೂದಲು ಕಿರಿಕಿರಿ ಎನಿಸಿದರೆ ಕತ್ತರಿಯಿಂದಲೋ ಟ್ರಿಮ್ಮರ್‌ನಿಂದಲೋ ಗಿಡ್ಡ ಮಾಡಿಕೊಳ್ಳಬಹುದು. ಬೋಳಿಸಲೇಬೇಕೆಂದರೆ ಬೆಚ್ಚನೆಯ ನೀರಿನಲ್ಲಿ ನೆನೆಸಿ, ನೊರೆ ಹಚ್ಚಿ, ಹೊಸ ಬ್ಲೇಡಿನಿಂದ, ರೋಮ ಬೆಳೆದ ದಿಕ್ಕಿನಲ್ಲೇ ಹಗುರವಾಗಿ ಎಳೆಯಬೇಕು. ಒಬ್ಬರ ರೇಜರನ್ನು ಇನ್ನೊಬ್ಬರು ಬಳಸಲೇಬಾರದು. ರಕ್ತದ ಮೂಲಕ ಕಾಮಾಲೆಯ ಬಿ ಮತ್ತು ಸಿ ವೈರಾಣುಗಳು ಹರಡಬಲ್ಲವು.

ಗುಳ್ಳೆ ಎದ್ದಾಗ ಕೆಲವು ವಾರ ಕ್ಷೌರ ನಿಲ್ಲಿಸಿ, ಸಡಿಲವಾದ ಹತ್ತಿಯ ಒಳಉಡುಪು ಧರಿಸಿ, ತಣ್ಣೀರಿನ ಬಟ್ಟೆ ಇಟ್ಟರೆ ಬಹುಪಾಲು ತಾನೇ ಶಮನವಾಗುತ್ತದೆ.

ನಮ್ಮ ನಿಜವಾದ ಆತಂಕವಿರುವುದು ಔಷಧ ಅಂಗಡಿಯಲ್ಲಿ ಪಿಸುಮಾತಿನಲ್ಲಿ ಕೇಳಿ ತರುವ ಮುಲಾಮುಗಳ ಬಗ್ಗೆ. ಅವುಗಳಲ್ಲಿ ಅನೇಕವು ಸ್ಟಿರಾಯ್ಡ್ ಬೆರೆತವು. ಮೊದಲು ಉರಿ ತಗ್ಗಿದಂತೆ ಕಂಡರೂ, ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಅಲ್ಲಿರುವುದು ಹುಳುಕಡ್ಡಿಯಾಗಿದ್ದರೆ ಅದು ಇನ್ನಷ್ಟು ಹಬ್ಬುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಕೇಳುವವರೂ ಕೊಡುವವರೂ ಅದನ್ನು ಪಾಲಿಸಬೇಕು.

ಕೀವು, ಜ್ವರ, ಹರಡುವ ಕೆಂಪು, ಆರದ ಹುಣ್ಣು ಕಂಡರೆ, ಅದರಲ್ಲೂ ಸಕ್ಕರೆ ಕಾಯಿಲೆಯವರು, ತಡಮಾಡದೆ ಚರ್ಮರೋಗ ತಜ್ಞರನ್ನು ಕಾಣಬೇಕು. ಹರೆಯದ ಮಕ್ಕಳಿಗೆ ಈ ಮಾತನ್ನು ತಾಯಿತಂದೆಯರೇ ಮೊದಲು ತಿಳಿಸಿಕೊಡಲಿ. ಮನೆಯಲ್ಲಿ ಕೇಳಲು ಅವಕಾಶವಿದ್ದ ಮಗು ಅಂಗಡಿಯ ಮುಂದೆ ತಲೆತಗ್ಗಿಸಿ ನಿಲ್ಲುವುದಿಲ್ಲ.